ಏಳನೆಯ ಗದ್ದೆ

ಒಂದೂರಲ್ಲಿ ಒಬ್ಬ ಅರಸನಿದ್ದನಂತೆ. ಅವನ ಲಾಯದಲ್ಲೊಂದು ಕುದುರೆ ಇತ್ತಂತೆ. ಬೆಳಗಿನಿಂದ ಅಕ್ಕಿಮುಡಿ ಹೊರಿಸಿದರೂ ದಣಿಯದ, ಗುಡ್ಡ ಹತ್ತಿಸಿದರೂ ಏದುಸಿರು ಬಿಡದ ಕುದುರೆ. ಆದರೆ ಅರಸನ ಮಗಳು ಆಟಕ್ಕೆಂದು ಅದರ ಬೆನ್ನೇರಿ ಬಯಲಿಗಿಳಿದಳೋ, ಗದ್ದೆಗಳ ನಡುವಿನ ಹುಣಿಗಳನ್ನು ಒಂದೊಂದಾಗಿ ಹಾರಿ, ಏಳನೆಯ ಗದ್ದೆಗೆ ಬಂದದ್ದೇ ಮೊಣಕಾಲೂರಿ ಬಿದ್ದುಬಿಡುತ್ತಿತ್ತು. ವೈದ್ಯರು ಬಂದರು, ಮಂತ್ರವಾದಿಗಳು ಬಂದರು, ಲಾಳ ಬದಲಿಸಿದರು, ತಡಿ ಬದಲಿಸಿದರು. ಕೊನೆಗೆ ಎಲ್ಲರೂ ಹೇಳಿದ್ದು ಒಂದೇ ಮಾತು: ಕುದುರೆಗೆ ದೋಷವಿಲ್ಲ, ದೋಷ ಸವಾರಿ ಮಾಡುವವಳದ್ದು.

ಇಷ್ಟು ಹೇಳಿ ಗುಲಾಬಿ ಅಜ್ಜಿ ನಿಲ್ಲಿಸುತ್ತಿದ್ದರು. ಕಥೆ ಮುಂದೆ ಹೋಗಬೇಕಾದರೆ ಕೇಳುವವರು 'ಹೂಂ' ಎನ್ನಬೇಕು. ಅದು ಅವರ ಕಟ್ಟುನಿಟ್ಟು. ಮೊಮ್ಮಗಳು ಶಶಿಪ್ರಭಾ ಚಿಕ್ಕಂದಿನಲ್ಲಿ ಪ್ರತಿ ಸಲವೂ ಏಳನೆಯ ಗದ್ದೆಗೆ ಬರುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದಳು. ಹೂಂಗುಟ್ಟುವವರಿಲ್ಲದೆ ಆ ಕುದುರೆ ಬಿದ್ದಲ್ಲೇ ಬಿದ್ದಿತ್ತು.

ಈಗ, ಬಿ.ಎಸ್ಸಿ. ಮುಗಿಸಿದ ಶಶಿಪ್ರಭಾ, ಬಂದರಿನ ಬಳಿಯಿದ್ದ ಸರ್ವೋತ್ತಮ ಮಾಮನ ಹೋಟೆಲಿನ ಆಫೀಸು ಕೋಣೆಯಲ್ಲಿ ಕಂಪ್ಯೂಟರಿನೆದುರು ಕೂತು, ಇನ್ನೊಂದು ಕುದುರೆ ಬೀಳುವುದನ್ನು ನೋಡುತ್ತಿದ್ದಳು. ಹಸಿರು ಗೆರೆಗಳಲ್ಲಿ ಬರೆದಂತಿದ್ದ ಕುದುರೆ ಕಪ್ಪು ಪರದೆಯ ಮೇಲೆ ಟಕಟಕ ಓಡಿ, ಬೇಲಿಗಳನ್ನು ಹಾರಿ, ಏಳನೆಯ ಹಂತಕ್ಕೆ ಕಾಲಿಟ್ಟಿತಷ್ಟೆ. ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ಕುದುರೆಯೂ ಇಲ್ಲ, ಬೇಲಿಯೂ ಇಲ್ಲ. ಪೆಟ್ಟಿಗೆ 'ಪೀಂ' ಎಂದು ಕೂಗಿ, ಏನೂ ಆಗದವರಂತೆ ಮತ್ತೆ ಮೊದಲಿನಿಂದ ಎದ್ದಿತು.

ಅವಳ ಬೆನ್ನ ಹಿಂದೆ, ಚಾ ಲೋಟ ಹಿಡಿದು, ಊರಿನ ಇನ್ನಿಬ್ಬರು ಹೋಟೆಲು ಧಣಿಗಳು ನಿಂತಿದ್ದರು. ದುಬಾಯಿಯಿಂದ ತರಿಸಿದ ಯಂತ್ರವನ್ನು ತೋರಿಸಲು ಮಾಮನೇ ಕರೆದುಕೊಂಡು ಬಂದಿದ್ದರು.

"ಎಂತ ಸರ್ವೋತ್ತಮ, ಊಟ ಆದ ಮೇಲೆ ಇದಕ್ಕೂ ನಿದ್ರೆ ಬರ್ತದಾ?" ಎಂದರು ಒಬ್ಬರು. ಇನ್ನೊಬ್ಬರು ನಕ್ಕ ರಭಸಕ್ಕೆ ಚಾ ಅಂಗಿಯ ಮೇಲೆ ತುಳುಕಿತು.

ಅವರನ್ನು ಬಾಗಿಲ ತನಕ ಬಿಟ್ಟು ಬಂದ ಮಾಮ ಕುರ್ಚಿ ಎಳೆದು ಕೂತರು. ಮುಖ ಗಂಟಿಕ್ಕಿತ್ತು.

"ಹಾಶಿಂ ಶನಿವಾರ ಸಂಜೆ ಬೊಂಬಾಯಿ ಬಸ್ಸಿಗೆ ಹೊರಡ್ತಾನೆ. ಅಲ್ಲಿಂದ ದುಬಾಯಿ. ತಂದವನೇ ಇದನ್ನು ವಾಪಸು ತಗೊಂಡು ಹೋಗ್ಲಿ."

"ಬೆಳಿಗ್ಗೆ ಲೆಕ್ಕ ಎಲ್ಲ ಸರಿಯಾಗಿ ಮಾಡ್ತದಲ್ಲ ಮಾಮ."

"ಆಟದಲ್ಲಿ ಬೀಳುವಂಥದ್ದು ನಾಳೆ ಲೆಕ್ಕದಲ್ಲಿ ಬೀಳುವುದಿಲ್ಲ ಅಂತ ಎಂತ ಗ್ಯಾರಂಟಿ? ಇಲ್ಲದಿದ್ರೆ ನೀನು ಆಟ ಆಡಿ ಆಡಿಯೇ ಹಾಳು ಮಾಡಿದ್ದು. ಎರಡರಲ್ಲಿ ಒಂದು."

ಯಂತ್ರ ಹೋದರೆ ಅದರ ಎದುರಿನ ಕುರ್ಚಿಯೂ ಹೋಗುತ್ತದೆಂದು ಶಶಿಗೆ ಗೊತ್ತಿತ್ತು. ಡಿಗ್ರಿ ಕೈಗೆ ಬಂದ ಮೇಲೆ ದೇರೆಬೈಲಿನ ಮನೆಯ ಕಿಟಕಿಯಲ್ಲಿ ಕೂತು, ಗೇಟು ಕಿರುಗುಟ್ಟಿದಾಗಲೆಲ್ಲ ಯಾರು ಬಂದರೆಂದು ನೋಡುವುದೇ ಅವಳ ಕೆಲಸವಾಗಿತ್ತು. ಈ ಪೆಟ್ಟಿಗೆ ಬಂದ ಮೇಲೆ ಅದನ್ನು ನಡೆಸಲು ಮನೆಯವರೇ ಒಬ್ಬರು ಇರಲಿ ಎಂದು ಮಾಮ ಅವಳನ್ನು ಕರೆದದ್ದು. ಬೆಳಿಗ್ಗೆ ಲೆಕ್ಕ ಬರೆಯುವುದು. ಊಟದ ಗಿರಾಕಿಗಳು ಹೋದ ಮೇಲೆ ಹೋಟೆಲು ಖಾಲಿ ಇರುವ, ಒಂದು ಆಟಕ್ಕಷ್ಟೇ ಸಾಲುವ ಹೊತ್ತಿನಲ್ಲಿ ಮಾತ್ರ ಆಟ. ಅದು ಮಾಮ ಹಾಕಿಕೊಟ್ಟ ಕ್ರಮ. ಅವಳು ಅದನ್ನು ಒಂದು ದಿನವೂ ಮೀರಿರಲಿಲ್ಲ.

"ಶನಿವಾರದ ತನಕ ಬಿಡಿ ಮಾಮ. ಏಳನೆಯದ್ದು ದಾಟಿಸಿ ತೋರಿಸ್ತೇನೆ."

"ದಾಟದಿದ್ರೆ?"

"ನಾನೇ ಪ್ಯಾಕ್ ಮಾಡಿ ಹಾಶಿಂ ಕೈಗೆ ಕೊಡ್ತೇನೆ."

ಆ ಸಂಜೆ ವಿಷಯ ಕೇಳಿದ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಲ್ಲಿಸಲಿಲ್ಲ. "ಮಾತು ಕೊಟ್ಟಾಯ್ತಲ್ಲ, ಇನ್ನು ದಾಟಿಸು. ದಾಟುವ ದಿನ ನನ್ನನ್ನೂ ಕರ್ಕೊಂಡು ಹೋಗು. ನನ್ನ ಕುದುರೆಗೆ ಮುಂದೆ ಎಂತಾಯ್ತು ಅಂತ ಅಲ್ಲಿಯೇ ಹೇಳ್ತೇನೆ."

"ಈಗಲೇ ಹೇಳಿ ಅಜ್ಜಿ. ಉಪಕಾರ ಆದೀತು."

"ಅಷ್ಟು ವರ್ಷ ಗೊರಕೆ ಹೊಡೆದದ್ದು ಯಾರು? ಕಾಯಿ ಈಗ."

ಮರುದಿನ ಹಾಶಿಂ ಬಂದ. ಬಂದರಿನಲ್ಲಿ ಅವನ ತಂದೆ ಅಹ್ಮದ್ ಬಾವರದ್ದು ಫಾರಿನ್ ಸಾಮಾನಿನ ಅಂಗಡಿ. ಅವನು ದುಬಾಯಿಯ ಇಲೆಕ್ಟ್ರಾನಿಕ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು ರಜೆಗೆ ಊರಿಗೆ ಬಂದವನು. ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಒಳಗೆ ಬಗ್ಗಿ ನೋಡಿದ.

ಒಳಗಿನ ಪುಟ್ಟ ಫ್ಯಾನಿನ ಎಸಳುಗಳ ನಡುವೆ ಒಣಗಿದ ಗೊಂಡೆಹೂವಿನ ದಳಗಳು ಸಿಕ್ಕಿಕೊಂಡಿದ್ದವು. ಅಂಚಿನಲ್ಲಿ ಗಂಧ ಗಟ್ಟಿಯಾಗಿ ಕೂತಿತ್ತು. ಆಯುಧಪೂಜೆಯ ದಿನ ಮಾಮ ತಮ್ಮ ಅಂಬಾಸಿಡರ್ ಕಾರಿಗೆ ಎಷ್ಟು ದೊಡ್ಡ ಮಾಲೆ ಹಾಕಿದ್ದರೋ ಅಷ್ಟೇ ದೊಡ್ಡದನ್ನು ಇದಕ್ಕೂ ಹಾಕಿದ್ದರು.

"ದುಬಾಯಿಯಲ್ಲಿ ಯಾರೂ ಇದಕ್ಕೆ ಹೂ ಮುಡಿಸುವುದಿಲ್ಲ ಶಶಿಯಕ್ಕ," ಎಂದ ಹಾಶಿಂ.

"ಅಲ್ಲಿಯದ್ದಕ್ಕೆ ಅದೃಷ್ಟ ಇಲ್ಲ," ಎಂದಳು ಶಶಿ.

ಇಬ್ಬರೂ ಸೇರಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ದಳ ತೆಗೆದರು, ಗಂಧ ಕೆರೆದರು. ಫ್ಯಾನು ಗಿರಗಿಟ್ಟೆಯ ಹಾಗೆ ಹಗುರಾಗಿ ತಿರುಗಿತು. ಇದೇ ಇರಬೇಕು, ಸೆಕೆಗೆ ತಲೆ ತಿರುಗಿ ಬೀಳುತ್ತಿದ್ದದ್ದು ಎಂದುಕೊಂಡು ಮಧ್ಯಾಹ್ನ ಕುದುರೆಯನ್ನು ಹೊರಡಿಸಿದಳು. ಅದು ಹುರುಪಿನಿಂದ ಓಡಿ, ಏಳನೆಯ ಗದ್ದೆಯಲ್ಲಿ ಮಾಯವಾಯಿತು. ಹಾಶಿಂ ಆಟದ ಫ್ಲಾಪಿಯನ್ನೇ ಬದಲಿಸಿದ. ಅಂಗಡಿಯಲ್ಲಿದ್ದ ಇನ್ನೊಂದು ಪ್ರತಿ ತಂದು ಹಾಕಿದ. ಆ ದಿನ ಅದರಲ್ಲಿ ಕುದುರೆ ಆರನೆಯ ಗದ್ದೆಗೆ ಮುಟ್ಟುವ ಹೊತ್ತಿಗೆ ಮಾಮ ಕರೆದರು, ಆಟ ನಿಂತಿತು. ಮರುದಿನ ಅದೇ ಹೊಸ ಫ್ಲಾಪಿಯಲ್ಲಿ ಕುದುರೆ ಮತ್ತೆ ಏಳನೆಯದರಲ್ಲೇ ಬಿತ್ತು.

"ಬೋರ್ಡೇ ಹಾಳಾಗಿರ್ಬಹುದು," ಎಂದ ಹಾಶಿಂ ತಲೆ ತಗ್ಗಿಸಿ. "ಸರ್ವೋತ್ತಮಣ್ಣನ ಮುಖ ನೋಡ್ಲಿಕ್ಕೆ ನಂಗೆ ನಾಚಿಗೆ ಆಗ್ತದೆ. ಪ್ಯಾಕಿಂಗಿನ ಡಬ್ಬ ಬಿಸಾಡಿಲ್ಲ ಅಲ್ವಾ?"

"ಅಟ್ಟದ ಮೇಲೆ ಉಂಟು. ಅಲ್ಲಿಯೇ ಇರ್ಲಿ."

ಅವನು ಹೋದ ಮೇಲೆ ಅವಳು ಹಠ ಹಿಡಿದು ಮತ್ತೆ ಕೂತಳು. ಆಗಲೇ ಒಬ್ಬ ಗಿರಾಕಿ, ಒಳಗಿನಿಂದ ಬರುವ ಕುಂಯ್ ಕುಂಯ್ ಸದ್ದಿಗೆ ಪೇಪರು ಓದಲಾಗುವುದಿಲ್ಲ ಎಂದನಂತೆ. ಮಾಮ ದುಡ್ಡು ಎಣಿಸುವ ಗಲ್ಲೆಯಿಂದಲೇ ಕೂಗಿದರು, "ಶಶಿ, ಅದರ ಬಾಯಿ ಮುಚ್ಚು." ಅವಳು ಆಟದ ಸದ್ದನ್ನು ನಿಲ್ಲಿಸಿದಳು; ಸಂಜೆಯ ಗಿರಾಕಿಗಳು ಬರತೊಡಗಿದ್ದರಿಂದ ಆಟವೂ ಅರ್ಧಕ್ಕೇ ನಿಂತಿತು. ಮರುದಿನವೂ ಮೌನವಾಗಿಯೇ ಓಡಿಸಿದಳು. ಗೊರಸಿನ ಸದ್ದಿಲ್ಲದೆ ಓಡುವ ಕುದುರೆ ಕನಸಿನಲ್ಲಿ ಓಡುವಂತಿತ್ತು. ಅದು ಏಳನೆಯ ಗದ್ದೆಗೆ ಕಾಲಿಡುವಾಗ ಮೇಜಿನ ಕೆಳಗಿನಿಂದ 'ಟಕ್' ಎಂದಿತು. ಪರದೆ ಕಪ್ಪಾಯಿತು.

ಅವಳು ಬಗ್ಗಿ ನೋಡಿದಳು. ಕರೆಂಟು ಏರಿಳಿಯದಂತೆ ಕಾಯಲೆಂದು ಹಾಶಿಂ ಕಂಪ್ಯೂಟರಿನ ಜೊತೆಗೇ ಕೊಟ್ಟಿದ್ದ ಸ್ಟೆಬಿಲೈಸರ್ ಅಲ್ಲಿ ಕೂತಿತ್ತು. ಕಾವಲುಗಾರ ಎಚ್ಚರಾಗಿ ಕೋಲು ಕುಟ್ಟಿದ್ದ. ಆದರೆ ಅಷ್ಟರಲ್ಲಿ ಕರೆಂಟು ಕದಿಯುವ ಕಳ್ಳ ಬಂದು ಹೋಗಿದ್ದ. ಇಷ್ಟು ದಿನ ಗೊರಸಿನ ಸದ್ದಿನಲ್ಲಿ ಆ ಟಕ್ ಕೇಳಿಸಿಯೇ ಇರಲಿಲ್ಲ.

ಅವಳು ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಗೋಡೆಯ ಆಚೆ ಗರಗರ ಎನ್ನುತ್ತಿತ್ತು. ಅಡುಗೆಮನೆಯ ಗ್ರೈಂಡರು, ನಾಳೆಯ ಇಡ್ಲಿಗೆ ಹಿಟ್ಟು ರುಬ್ಬುತ್ತಿತ್ತು. ದಿನವೂ ಈ ಹೊತ್ತಿಗೆ ರುಬ್ಬುತ್ತದೆ. ದಿನವೂ ಇರುವುದರಿಂದಲೇ ಆ ಸದ್ದು ಅವಳ ಕಿವಿಯ ಹೊರಗೇ ನಿಂತಿತ್ತು.

ಓಡಿಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಶೀನಪ್ಪಣ್ಣ, ಇದನ್ನೊಮ್ಮೆ ನಿಲ್ಲಿಸಿ ಪುನಃ ಶುರು ಮಾಡ್ತೀರಾ?"

ಸೌಟು ಹಿಡಿದಿದ್ದ ಶೀನಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಅರ್ಧ ರುಬ್ಬಿ ನಿಲ್ಲಿಸುದಾ? ಕಲ್ಲು ಕಚ್ಚಿ ಹಿಡೀತದೆ. ನಿಮ್ಮ ಆಟಕ್ಕೆ ನನ್ನ ಹಿಟ್ಟು ಸಿಕ್ಕಿತಾ ಅಕ್ಕ?"

"ಹಾಗಾದ್ರೆ ನಾಳೆ ಎಷ್ಟು ಹೊತ್ತಿಗೆ ಶುರು ಮಾಡ್ತೀರಿ?"

"ಗಂಟೆ ನೋಡಿ ರುಬ್ಬುವವ ನಾನಲ್ಲ. ಉಂಡು, ಎಲೆ ಹಾಕಿ, ಉಗಿದು, ಕೈ ತೊಳೆದ ಕೂಡ್ಲೇ."

ಮರುದಿನ ಶುಕ್ರವಾರ. ಶಶಿ ಆಟದ ಫ್ಲಾಪಿಯನ್ನು ಮುಟ್ಟಲಿಲ್ಲ. ಅದೇ ಹೊತ್ತಿಗೆ ಲೆಕ್ಕವನ್ನು ಪರದೆಯ ಮೇಲೆ ತೆರೆದಿಟ್ಟು, ನಡುವಿನ ಬಾಗಿಲನ್ನೂ ತೆರೆದಿಟ್ಟು, ಕೈಕಟ್ಟಿ ಕೂತಳು. ಶೀನಪ್ಪ ಹಿತ್ತಲಿಗೆ ಹೋಗಿ ಉಗಿದು ಬಂದ. ಕೈ ತೊಳೆದ. ಒದ್ದೆ ಕೈಯನ್ನು ಪಂಚೆಗೆ ಒರಸಿ ಗ್ರೈಂಡರಿನ ಸ್ವಿಚ್ಚು ಒತ್ತಿದ.

ಟಕ್.

ಹಾಲು, ತರಕಾರಿ, ಕಾಫಿಪುಡಿ, ಪರದೆಯ ಮೇಲಿದ್ದ ಅಷ್ಟೂ ಸಾಲುಗಳು ಒಮ್ಮೆಗೇ ಅಳಿಸಿಹೋದವು. ಶಶಿ ಗಟ್ಟಿಯಾಗಿ ನಕ್ಕುಬಿಟ್ಟಳು. ಆ ಯಂತ್ರ ಬಿದ್ದದ್ದಕ್ಕೆ ಯಾರಾದರೂ ಸಂತೋಷಪಟ್ಟದ್ದು ಅದೊಂದೇ ಸಲ.

ಆಮೇಲೆ ಅವಳು ಗ್ರೈಂಡರಿನ ವಯರನ್ನು ಹಿಡಿದು ಹೊರಟಳು. ಅದು ಅಕ್ಕಿ ಗೋಣಿಗಳ ಹಿಂದೆ ನುಸುಳಿ, ಬಾಗಿಲ ಚೌಕಟ್ಟು ಹತ್ತಿ, ಗವಾಕ್ಷಿಯಿಂದ ಆಫೀಸಿಗಿಳಿದು, ಮಾಮನ ತಂದೆಯ ಫೋಟೋದ ಹಿಂದಿನಿಂದ ಹಾದು, ಸೀದಾ ಅವಳ ಮೇಜಿನ ಬಳಿಯ ಪ್ಲಗ್ಗಿಗೇ ಬಂದು ಸೇರಿತ್ತು.

"ಇದನ್ನು ಇಲ್ಲಿಗೆ ತಂದವರು ಯಾರು ಶೀನಪ್ಪಣ್ಣ?"

"ಕಳೆದ ಮಳೆಗಾಲದಲ್ಲಿ ಅಡುಗೆಮನೆಯ ಪಾಯಿಂಟು ಸುಟ್ಟುಹೋಯ್ತಲ್ಲ. ಆಗ ಧಣಿಗಳೇ ಹೇಳಿದ್ರು, ಸದ್ಯಕ್ಕೆ ಆಫೀಸಿನಿಂದ ಎಳಿ ಅಂತ."

ಮಾಮ ಗಲ್ಲೆಯಲ್ಲಿದ್ದರು. ಶಶಿ ಎಲ್ಲ ಹೇಳುವ ತನಕ ಅವರು ಪೆಪ್ಪರ್‌ಮಿಂಟ್ ಮಿಠಾಯಿಯೊಂದನ್ನು ಬಾಯಲ್ಲಿ ಆಚೆಗೀಚೆ ಮಾಡುತ್ತಿದ್ದರು.

"ಹಾಗಾದ್ರೆ ಆಟ ಬೇರೆ ಹೊತ್ತಿಗೆ ಆಡು. ಗ್ರೈಂಡರ್ ನಿಲ್ಲಿಸ್ಲಿಕ್ಕೆ ಆಗುವುದಿಲ್ಲ. ಇಡ್ಲಿ ಇಲ್ಲದಿದ್ರೆ ಬೆಳಿಗ್ಗೆ ಬಂದರಿನ ಗೋದಾಮಿನ ಕೆಲಸದವರಿಗೆ ಎಂತ ನಿನ್ನ ಕುದುರೆ ಬಡಿಸುದಾ?"

"ಆಟದ ಮಾತಲ್ಲ ಮಾಮ. ಇವತ್ತು ಮಧ್ಯಾಹ್ನ ಲೆಕ್ಕವೇ ಬಿತ್ತು. ಬೆಳಿಗ್ಗೆ ಗ್ರೈಂಡರ್ ಇಲ್ಲ, ಹಾಗಾಗಿ ಬೆಳಿಗ್ಗೆ ಬೀಳುವುದಿಲ್ಲ. ಗಿರಾಕಿಗಳು ಹೋದ ಕೂಡ್ಲೇ ನಾನು ಆಟಕ್ಕೆ ಕೂತ್ರೆ, ಏಳನೆಯದ್ದು ಬರುವಾಗ ಸರಿಯಾಗಿ ಗ್ರೈಂಡರ್ ಶುರುವಾಗಿ ಒಮ್ಮೆಗೇ ಕರೆಂಟು ಎಳೀತದೆ. ಆಟ ಆ ಹೊತ್ತಿಗೇ ಆಡ್ಬೇಕು ಅಂತ ಹೇಳಿದವರು ನೀವು. ವಯರು ಎಳಿ ಅಂದವರೂ..." ಅವಳು ಅಲ್ಲಿಗೆ ನಿಲ್ಲಿಸಿದಳು.

ಮಾಮ ಮಿಠಾಯಿಯನ್ನು ಕಟಕ್ಕನೆ ಕಡಿದರು. "ಸದ್ಯಕ್ಕೆ ಅಂತ ಹೇಳಿದ್ದಲ್ವಾ ನಾನು?"

"ಹೌದು. ಸದ್ಯಕ್ಕೆ."

ಮಿಠಾಯಿಯ ಚೂರುಗಳನ್ನು ನುಂಗಿದ ಮೇಲೆ ಅವರು, "ವಾಲ್ಟರನಿಗೆ ಬರ್ಲಿಕ್ಕೆ ಹೇಳು. ಆದರೆ ನಾನು ಕಣ್ಣಿಂದ ನೋಡ್ಬೇಕು. ಬಾಯಿಮಾತಲ್ಲಿ ದಾಟಿದ್ರೆ ಆಗ್ಲಿಕ್ಕಿಲ್ಲ," ಎಂದರು.

ಶನಿವಾರ ಬೆಳಿಗ್ಗೆ ಎಲೆಕ್ಟ್ರಿಶನ್ ವಾಲ್ಟರ್ ಬಂದು ಆ ವಯರನ್ನು ಬೆರಳಲ್ಲಿ ಎತ್ತಿ ಹಿಡಿದು, "ಇದು ಬಟ್ಟೆ ಒಣಗಿಸುವ ಬಳ್ಳಿಯಾ ಮಾರಾಯ್ರೆ?" ಎಂದು ಕೇಳಿದ. ಮಾಮ ಗಲ್ಲೆಯತ್ತ ನಡೆದರು. ಅವನು ಮೀಟರು ಬೋರ್ಡಿನಿಂದ ಅಡುಗೆಮನೆಗೆ ಬೇರೆಯೇ ಲೈನು ಎಳೆದು, ಆಫೀಸಿನದ್ದಕ್ಕೂ ಅದಕ್ಕೂ ಸಂಬಂಧವಿಲ್ಲದ ಹಾಗೆ ಕೂಡಿಸಿ ಹೋದ.

ಮಧ್ಯಾಹ್ನ ದೇರೆಬೈಲಿನಿಂದ ರಿಕ್ಷಾದಲ್ಲಿ ಅಜ್ಜಿ ಬಂದಿಳಿದರು. ಒಗೆದ ಸೀರೆ ಉಟ್ಟು, ಮದುವೆಮನೆಗೆ ಬಂದವರ ಹಾಗೆ. ಆಫೀಸು ಕೋಣೆಯಲ್ಲಿ ಮಾಮನ ಕುರ್ಚಿಯಲ್ಲೇ ಅವರನ್ನು ಕೂರಿಸಿದರು. ಬಾಗಿಲ ಬಳಿ ಹಾಶಿಂ, ಪ್ರಯಾಣಕ್ಕೆ ಹೊರಟ ಅಂಗಿ ಹಾಕಿಕೊಂಡು, ಅಟ್ಟದಿಂದಿಳಿಸಿದ ಖಾಲಿ ರಟ್ಟಿನ ಡಬ್ಬದ ಮೇಲೆ ಕೈಯಿಟ್ಟು ನಿಂತಿದ್ದ. ಡಬ್ಬದ ಬಾಯಿ ತೆರೆದೇ ಇತ್ತು.

"ಶೀನಪ್ಪನಿಗೆ ಇವತ್ತು ಸ್ವಲ್ಪ ತಡ ಮಾಡ್ಲಿಕ್ಕೆ ಹೇಳುದಾ?" ಎಂದರು ಮಾಮ. ದನಿ ಮೆತ್ತಗಿತ್ತು.

"ಬೇಡ. ಅವರು ದಿನಾ ಮಾಡುವ ಹಾಗೆಯೇ ಮಾಡ್ಲಿ," ಎಂದಳು ಶಶಿ.

ಕುದುರೆ ಹೊರಟಿತು. ಮೊದಲ ಬೇಲಿ, ಎರಡನೆಯದು. ಅಜ್ಜಿ ಕನ್ನಡಕ ಸರಿಮಾಡಿಕೊಂಡರು. ಹಿತ್ತಲಲ್ಲಿ ಶೀನಪ್ಪ ಕ್ಯಾಕರಿಸಿ ಉಗಿದದ್ದು ಕೇಳಿಸಿತು. ನೀರು ಸುರಿದ ಸದ್ದು. ಕುದುರೆ ಆರನೆಯ ಗದ್ದೆಯ ಹುಣಿ ಹಾರಿ ಏಳನೆಯದಕ್ಕೆ ಕಾಲಿಡುವಾಗ, ಗೋಡೆಯ ಆಚೆ ಗರಗರ ಶುರುವಾಯಿತು. ಶಶಿ ಕೀಲಿಯ ಮೇಲಿನ ಬೆರಳು ತೆಗೆಯಲಿಲ್ಲ.

ಮೇಜಿನ ಕೆಳಗಿನ ಕಾವಲುಗಾರ ಸುಮ್ಮನಿದ್ದ. ಪರದೆ ಕಣ್ಣು ಮಿಟುಕಿಸಲಿಲ್ಲ.

ಆಗ ಅವಳಿಗೆ ಹೊಳೆಯಿತು: ಏಳನೆಯ ಗದ್ದೆಯನ್ನು ಅವಳು ಈ ತನಕ ನೋಡಿಯೇ ಇಲ್ಲ. ಇಲ್ಲಿ ಬೇಲಿ ಎಷ್ಟು ಎತ್ತರವೋ, ಎಲ್ಲಿ ಹಳ್ಳವೋ ಗೊತ್ತಿಲ್ಲ. ಇನ್ನು ಬಿದ್ದರೆ ದೋಷ ಸವಾರಿ ಮಾಡುವವಳದ್ದೇ. ಅವಳು ತುಟಿ ಕಚ್ಚಿ ಮುಂದಕ್ಕೆ ಬಾಗಿದಳು. ಒಂದು ಬೇಲಿ ಬಂತು, ಹಾರಿಸಿದಳು. ಅದರ ಬೆನ್ನಿಗೇ ನೀರಿನಂಥ ಅಲೆಯಲೆ ಗೆರೆಗಳು ಬಂದವು. ತಡಮಾಡಿದೆನೋ ಎಂದುಕೊಳ್ಳುವಷ್ಟರಲ್ಲಿ ಕುದುರೆಯ ಹಿಂಗಾಲು ದಂಡೆಯ ತುದಿಗೆ ತಾಗಿ, ಜಾರಿ, ಮೇಲೆದ್ದಿತು.

ಆಚೆಗೆ ಏನೂ ಇರಲಿಲ್ಲ. ಅರಮನೆಯಿಲ್ಲ, ಬಾವುಟವಿಲ್ಲ. ಒಂದು ಉದ್ದನೆಯ ಹಸಿರು ಗೆರೆ ಮಾತ್ರ. ಕುದುರೆ ಅದರ ಮೇಲೆ ನಾಲ್ಕು ಹೆಜ್ಜೆ ನಡೆದು ನಿಂತು, ಕತ್ತು ತಗ್ಗಿಸಿ ಮೇಯತೊಡಗಿತು.

ಮಾಮ ಗಂಟಲು ಸರಿಮಾಡಿಕೊಂಡರು. "ಬಸ್ಸಿಗೆ ಹೊತ್ತಾಯ್ತಲ್ಲ ಹಾಶಿಂ. ಹೊರಡು. ಆ ಡಬ್ಬ ಇಲ್ಲಿಯೇ ಇರ್ಲಿ, ಶೀನಪ್ಪನಿಗೆ ನೀರುಳ್ಳಿ ಹಾಕ್ಲಿಕ್ಕೆ ಆಗ್ತದೆ."

ಅಜ್ಜಿಯ ಕಡೆಯಿಂದ ಸದ್ದೇ ಇರಲಿಲ್ಲ. ರಿಕ್ಷಾದ ದಣಿವಿಗೆ ನಿದ್ದೆ ಹೋದರೋ ಎಂದು ಶಶಿ ಮೆಲ್ಲನೆ ಹಿಂತಿರುಗಿ ನೋಡಿದಳು. ಅವರು ಮೇಜಿನ ಅಂಚನ್ನು ಹಿಡಿದು, ತಾವು ಹೇಳಬೇಕಾದ ಕಥೆಯನ್ನು ಮರೆತು, ಕಥೆ ಕೇಳುವವರ ಹಾಗೆ, ಮೇಯುತ್ತಿದ್ದ ಕುದುರೆಯನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದರು. ಹಸಿರು ಬೆಳಕು ಕನ್ನಡಕದ ಮೇಲೆ ಬಿದ್ದಿತ್ತು.

"ಹೂಂ," ಎಂದರು ಅಜ್ಜಿ.