ಗಿಡ್ಡ ರಿಂಗು

ಆ ವರ್ಷ ನಮ್ಮ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ವಾಡಿ, ಚಿತ್ತಾಪುರ, ಚಿಂಚೋಳಿ ಎಲ್ಲ ಕಡೆಯೂ ಸೋತು ಬಂತು. ಎಸೆದ ಚೆಂಡು ರಿಂಗಿನ ಕೆಳಗೇ ತಗುಲಿ ವಾಪಸಾಗುತ್ತಿತ್ತು. ಕ್ಯಾಪ್ಟನ್ ಮಾಣಿಕಮ್ಮನಿಗೆ ಅದು ಕೊನೆಯ ವರ್ಷ, ಒಂದಾದರೂ ಗೆಲ್ಲಬೇಕಿತ್ತು.

ಉಳಿದ ಒಂದೇ ಪಂದ್ಯ ನಮ್ಮ ಅಂಗಳದಲ್ಲಿತ್ತು. ಹಿಂದಿನ ದಿನ ಅವಳು ಟೇಪು ಹಿಡಿದು ಅಳೆದಳು. ಕಂಬ ನೆಟ್ಟಾದ ಮೇಲೆ ಅಂಗಳಕ್ಕೆ ಮಣ್ಣು ತುಂಬಿ ಶಹಾಬಾದ ಫರಸಿ ಕಲ್ಲು ಹಾಸಿದ್ದರು. ರಿಂಗು ಮುಕ್ಕಾಲು ಅಡಿ ಗಿಡ್ಡವಾಗಿತ್ತು.

"ಸರ್, ವರ್ಷಗಟ್ಲೆ ನಾವು ತಪ್ಪೇ ಕಲ್ತೀವ್ರಿ."

ಆಟ ಕಲಿಸುವ ಹಣಮಂತರಾಯರು ಅಡಕೆ ಕತ್ತರಿಸುತ್ತ, "ನಾಳಿ ಮಟ ಬಾಯಿ ಮುಚ್ಕೊಂಡಿರವ್ವಾ," ಎಂದರು.

ಮರುದಿನ ನಮ್ಮವರು ಇಪ್ಪತ್ತೆರಡು–ನಾಲ್ಕರಿಂದ ಗೆದ್ದರು. ಸಂಭ್ರಮಪಡುವಷ್ಟು ತ್ರಾಣ ಯಾರಲ್ಲೂ ಉಳಿದಿರಲಿಲ್ಲ. ಮಾಣಿಕಮ್ಮ ಎದುರು ತಂಡದ ಕ್ಯಾಪ್ಟನ್ ಅಮೃತಮ್ಮನ ಪಕ್ಕ ಕುಸಿದು ಕುಳಿತು, "ತಪ್ಪು ತಿಳೀಬ್ಯಾಡವಾ, ನಮ್ಮ ರಿಂಗು ಗಿಡ್ಡ ಅದ," ಎಂದಳು.

ಪಾದ ಒತ್ತಿಕೊಳ್ಳುತ್ತಿದ್ದ ಅಮೃತಮ್ಮ ತಲೆಯೆತ್ತಿ ರಿಂಗನ್ನು ನೋಡಿದಳು.

"ಹೌದಾ? ನಮಗೇನು ಗೊತ್ತಾಗ್ತದವಾ! ನಮ್ಮಲ್ಲಿ ರಿಂಗೇ ಇಲ್ಲ. ಗ್ವಾಡಿ ಮ್ಯಾಲ ಸುಣ್ಣದ ಗೋಲ ಬರ್ದು ಅದಕ್ಕೇ ಹೊಡೀತೀವಿ. ಈ ವರ್ಷದಾಗ ಚೆಂಡು ಒಳಗ ಬಿದ್ದದ್ದು ಇವತ್ತೇ ನೋಡಿದ್ದು. ಎರಡು ಸಲ! ಅದೇ ಭಾಳ ಆತು."