ದಿಂಬಿನಷ್ಟು ಊದಿದ ತೋಳು

ನಮ್ಮ ಬೀದಿಯ ಈ ಸೊಸೆಗೆ ಹತ್ತು ಲಕ್ಷ ಜನರ ಹೊಟ್ಟೆಯೊಳಗಿನ ಮಾತೆಲ್ಲ ಗೊತ್ತು. ಸರಿ, ಅರ್ಧ ಸುಳ್ಳು. ಅವರು ಫೋನಿನಲ್ಲಿ ಕಾರಿಕೊಂಡದ್ದಷ್ಟೇ ಗೊತ್ತು. ಲಸಿಕೆಯ ಬಗ್ಗೆ ಯಾರು ಏನು ಗೀಚಿದರೂ ಓದಿ, ಇದು ಭಯ, ಇದು ಸಿಟ್ಟು, ಇದು ನಂಬಿಕೆ ಎಂದು ವಿಂಗಡಿಸಿ ಆರೋಗ್ಯ ಕಚೇರಿಗೆ ಕಳಿಸುವುದು ಅವಳ ಕೆಲಸ. ಊಟದ ಮೇಜೇ ಕಚೇರಿ.

ಅವತ್ತು ಪರದೆಯ ತುಂಬ ಭಯವೋ ಭಯ. ಬೆಳಗಾದರೆ ಶಾಲೆಯಲ್ಲಿ ಮಕ್ಕಳಿಗೆ ದಡಾರದ ಲಸಿಕೆ. ಇನ್ನೂರು ತಾಯಂದಿರಲ್ಲಿ ಬರುತ್ತೇವೆ ಎಂದವರು ಒಂಬತ್ತೇ ಜನ. ಪಕ್ಕದ ಬೀದಿಯಲ್ಲಿ ಆಗಲೇ ಮೂರು ಮಕ್ಕಳು ಮೈತುಂಬ ಗುಳ್ಳೆಯೆದ್ದು ಮಲಗಿದ್ದವು.

"ಸಂಜೆ ಐದರೊಳಗೆ ಈ ಪುಕಾರು ಎಬ್ಬಿಸಿದೋರ್ಯಾರು ಅಂತ ಹೇಳಮ್ಮ," ಎಂದರು ಮೇಲಧಿಕಾರಿ ಫೋನಿನಲ್ಲಿ. "ಊರಿಗೆಲ್ಲ ಕಾಣೋ ಹಾಗೆ ಹೆಸರು ಹಾಕ್ತೀನಿ."

ಅವಳು ಎಳೆ ಹಿಡಿದು ಹಿಂದೆ ಹಿಂದೆ ಹೋದಳು. ಯಾರದೋ ತೋಳು ಕತ್ತರಿಸಿದರಂತೆ. ಅದಕ್ಕೂ ಮೊದಲು ಕೊಳೆಯಿತಂತೆ. ಅದಕ್ಕೂ ಮೊದಲು ಊದಿತಂತೆ. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: "ಸೂಜಿ ಚುಚ್ಚಿದ್ದೇ ತಡ ತೋಳು ದಿಂಬಿನಷ್ಟು ಊದ್ತು, ಮೂರು ದಿನ ಅದರ ಮೇಲೇ ತಲೆಯಿಟ್ಟು ಮಲಗಿದ್ದೆ!"

ಪಕ್ಕದಲ್ಲಿದ್ದ ಫೋಟೋ ನೋಡಿ ಅವಳು ತಲೆಯೆತ್ತಿದಳು. ಆ ಮುಖ ಎದುರಿಗೇ ಕೂತು ಬಟಾಣಿ ಸುಲಿಯುತ್ತಿತ್ತು.

"ಅತ್ತೆ, ಇದು ನೀವಾ?"

"ಹೂಂ, ಫೋನಿಗೆ ಹೇಳಿ ಬರೆಸಿದ್ದು. ತಮಾಷೆಗೆ ಕಣೇ!"

"ತಮಾಷೆ ಇಲ್ಲೇ ಉಳೀತು ಅತ್ತೆ, ಊತ ಮಾತ್ರ ಊರೆಲ್ಲ ಸುತ್ತಿ ಬಂತು."

ಮುದುಕಿ ಸಾವಿರ ಸಂದೇಶಗಳನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಬಟಾಣಿ ಕೈಯಿಂದ ಉರುಳಿ ನೆಲಕ್ಕೆ ಬಿತ್ತು.

"ನನ್ನ ಹೆಸರು ಕೊಡ್ತೀಯಾ? ಕೊಡು ತಾಯಿ. ಸೊಸೆಯಾಗಿ ಇಷ್ಟೂ ಮಾಡ್ದಿದ್ರೆ ಹೇಗೆ?"

"ಹೆಸರು ಹಾಕಿದ್ರೆ ಜನ ನಿಮ್ಮನ್ನ ಬೈತಾರೆ ಅಷ್ಟೇ. ಮಕ್ಕಳನ್ನ ಕರ್ಕೊಂಡ್ ಬರಲ್ಲ. ಫೋನಿನ ಮುಂದೆ ನೀವೇ ಮಾತಾಡಿ, ಊದದ ತೋಳು ತೋರಿಸಿ, ಎಲ್ಲರಿಗೂ ಕಳಿಸ್ತೀನಿ."

"ಅಯ್ಯೋ ಮಾರಾಯ್ತಿ, ನನ್ನನ್ನ ಬಲ್ಲೋರು ಆ ಸುಳ್ಳನ್ನೇ ನಂಬಲಿಲ್ಲ. ಈಗ ನಿಜ ಹೇಳಿದ್ರೆ ನಂಬ್ತಾರಾ?"

"ನಂಬಿದ್ದು ನಿಮ್ಮನ್ನ ಬಲ್ಲೋರಲ್ಲ ಅತ್ತೆ. ಗೊತ್ತಿಲ್ಲದೋರು."

ಐದಕ್ಕೆ ಆರು ನಿಮಿಷ. ಮೇಲಧಿಕಾರಿಯ ಕರೆ ಬಂತು, ಸೊಸೆ ಎತ್ತಲಿಲ್ಲ. ಮುದುಕಿ ತೋಳೇರಿಸಿ ಫೋನಿನ ಎದುರು ನೆಟ್ಟಗೆ ಕೂತಳು. ಹುಟ್ಟಿದಾಗಿನಿಂದ ಒಂದು ಮಾತನ್ನೂ ಉಪ್ಪುಖಾರ ಹಚ್ಚದೆ ಆಡಿದವಳಲ್ಲ. ಸೊಸೆ ವಿಡಿಯೋ ಗುಂಡಿ ಒತ್ತಿದಳು.

"ನಾನು ಸುಳ್ಳು ಹೇಳಿದ್ದೆ," ಎಂದಳು ಮುದುಕಿ, ತೋಳನ್ನು ಫೋನಿನ ಹತ್ತಿರ ಹಿಡಿದು.

ಆಮೇಲೆ ಏನೆಂದಳು, ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಎಷ್ಟು ತಾಯಂದಿರು ನಿಂತಿದ್ದರು? ನಾನು ಹೇಳಿದರೆ ಒಂದಕ್ಕೆ ಹತ್ತು ಸೇರಿಸುತ್ತೇನೆ. ನೀವೇ ಊಹಿಸಿ ಹೇಳಿ ನೋಡೋಣ.