ಇನ್ನೊಂದು ಸುತ್ತು ಹಗ್ಗ

ಕಪ್ಪಿನೊಳಗೆ ಚಹಾ ಕಿಟಕಿಯ ಪಕ್ಕಕ್ಕೇ ಹೆಚ್ಚು ನಿಂತಿದೆ, ಮೇಜಿನ ಕಾಲು ಗಿಡ್ಡವಿರಬೇಕು, ಇಲ್ಲ, ನಿನ್ನೆ ಸರಿಯಾಗಿತ್ತು, ಹತ್ತಕ್ಕೆ ಆಸ್ಪತ್ರೆಯ ಕಾರು ಬರುತ್ತದೆ, ವಾರಕ್ಕೆ ಮೂರು ಸಲ ಡಯಾಲಿಸಿಸ್ — ಅದಕ್ಕೇ ತಾನೆ ಈ ಜಾಗ ಹಿಡಿದದ್ದು, ಕಾಲುವೆಯಲ್ಲಿ ಕಟ್ಟಲು ಸ್ವಂತ ಜಾಗವಿಲ್ಲದ ದೋಣಿಮನೆ ಹದಿನಾಲ್ಕು ದಿನಕ್ಕೊಮ್ಮೆ ಮುಂದಕ್ಕೆ ಹೋಗಲೇಬೇಕು, ಹೋಗದಿದ್ದರೆ ಪರವಾನಗಿ ಹೋಗುತ್ತದೆ, ದೋಣಿ ಹೋದರೆ ನನಗೆ ಮನೆಯೇ ಇಲ್ಲ, ಕಾಲುವೆ ಕಚೇರಿಯ ಫೋನಿನ ಹುಡುಗಿ ಎಷ್ಟು ಮೃದುವಾಗಿ ಹೇಳಿದಳು, ನಿಮ್ ಕಷ್ಟ ಅರ್ಥ ಆಗತ್ತೆ ಮಿಸೆಸ್ ಪ್ರಿಡ್ಮೋರ್, ಆದ್ರೆ ಜಾಗ ತೋರಿಸ್ಬೇಕಲ್ವಾ. ಹನ್ನೊಂದು ಕಡೆ ಕೇಳಿದೆ, ಒಬ್ಬ ಪಟ್ಟಿಯಲ್ಲಿ ಹೆಸರು ಬರೆಸಿ ಆರು ವರ್ಷ ಬಿಟ್ಟು ಬನ್ನಿ ಎಂದ, ತಾಳಪ್ಪಾ, ನನ್ ಕಿಡ್ನಿ ಕೇಳಿ ಹೇಳ್ತೀನಿ ಎಂದೆ, ಅವನು ನಗಲಿಲ್ಲ. ಇಲ್ಲಿ ಮಾತ್ರ ಖಾಲಿ — ಕಾಲುವೆಯ ನೀರು ತಡೆದು ನಿಲ್ಲಿಸುವ ಎರಡು ಗೇಟುಗಳ ನಡುವಿನ ಚೂರು ನೀರು, ಕಲ್ಲಿನ ದಡ, ಹಗ್ಗ ಕಟ್ಟಲು ಎರಡು ಕಬ್ಬಿಣದ ಬಳೆ, ಜಮೀನಿನ ಒಡೆಯ ಕಾಬೋಲ್ಡ್, ನೋಡಿ ಮೇಡಂ, ವರ್ಷದ ಬಾಡಿಗೆ ಒಟ್ಟಿಗೇ ಕೊಡ್ಬೇಕು, ವಾಪಸ್ ಕೇಳೋ ಹಾಗಿಲ್ಲ, ಕಾರ್ಡು ಚಾಚಿದೆ, ಮೂರು ಸಾವಿರ ಪೌಂಡು, ತೀರಿಕೊಂಡ ಗಂಡ ಆಲ್ಫ್ ನನಗೆಂದು ಉಳಿಸಿದ್ದೇ ಹೆಚ್ಚುಕಡಿಮೆ ಅಷ್ಟು, ಇಷ್ಟು ದಿನ ಯಾಕೆ ಖಾಲಿ ಇತ್ತು ಎಂದದ್ದಕ್ಕೆ ಕಾಬೋಲ್ಡ್ ಟೋಪಿ ಸರಿಮಾಡಿಕೊಂಡ.

ಕಾರಣ ಹೇಳಿದವನು ಎದುರು ದಡದ ಪರ್ಸಿ, ತನ್ನ ದೋಣಿಯ ಚಾವಣಿಯ ಮೇಲೆ ಕೂತು ನಾಯಿಗೆ ಬಿಸ್ಕತ್ತು ಹಾಕುತ್ತಾ, ಅಕ್ಕಾ, ಕೆಳಗಿನ ಗೇಟು ಸರಿಯಿಲ್ಲ, ಯಾರಾದ್ರೂ ಪುಣ್ಯಾತ್ಮ ಪೂರ್ತಿ ಮುಚ್ದೆ ಹೋದ್ನೋ, ನೀರು ಮೊಣಕಾಲುದ್ದ ಇಳಿಯತ್ತೆ, ಹಗ್ಗ ಸಡಿಲ ಬಿಡು, ಬಟ್ಟೆ ಒಣಹಾಕೋ ಹಗ್ಗದ ಥರ ಜೋತಾಡ್ಲಿ, ನಿನಗಿಂತ ಮುಂಚೆ ಇಲ್ಲಿದ್ದೋನು ಬಿಗಿಯಾಗ್ ಕಟ್ಟಿದ್ದ, ನೀರು ಇಳೀತು, ದೋಣಿ ಹಗ್ಗಕ್ಕೇ ನೇತಾಡಿ ವಾಲ್ತು — ಅವನೇನಾದ ಎಂದೆ — ಈಜು ಬರ್ತಿತ್ತು ಬಿಡು ಎಂದ. ಇಬ್ಬರೂ ನಕ್ಕೆವು. ಸಡಿಲವೇ ಬಿಟ್ಟಿದ್ದೆ, ಮೂರು ದಿನ, ಹಾದುಹೋಗುವ ಪ್ರತಿ ದೋಣಿಯೂ ನೀರು ಎಳೆದು ನನ್ನದನ್ನು ಕಲ್ಲಿಗೆ ಬಡಿದು ಬಡಿದು ತಟ್ಟೆಗಳು ಕುಣಿದವು, ನಲವತ್ತು ವರ್ಷ ಆಲ್ಫ್ ಬೈದದ್ದು ಕೈಯಲ್ಲೇ ಕೂತಿದೆ, ಸಡಿಲ ಹಗ್ಗ ಸೋಮಾರಿಗಳದು ಕಣೇ, ಇನ್ನೊಂದ್ ಸುತ್ತು ಹಾಕು, ನಿನ್ನೆ ಸಂಜೆ ಹಾಕಿದೆ, ಮುಂದೆ ಒಂದು, ಹಿಂದೆ ಒಂದು, ಎಂಥ ನಿದ್ದೆ ಬಂತು — ಚಮಚ ತಾನಾಗಿ ಜಾರಿತು. ದಡದ ಕಡೆ ಹಗ್ಗ ನರಳುತ್ತಿದೆ. ಪರ್ಸೀ, ಪರ್ಸೀ, ಅವನ ಬಾಗಿಲಿಗೆ ಬೀಗ, ನಾಯಿಯೂ ಇಲ್ಲ, ಅವನ ದೋಣಿ ಯಾಕೆ ಅಷ್ಟು ಕೆಳಗೆ ಕೂತಿದೆ, ಅದರ ಪಕ್ಕದ ಕಲ್ಲಿನಲ್ಲಿ ನೀರಿಗಿಂತ ಮೇಲೆ ಒಂದು ಕಪ್ಪು ಒದ್ದೆ ಪಟ್ಟಿ, ನಾಲ್ಕು ಬೆರಳಗಲ, ನೀರು ಅಷ್ಟು ಇಳಿದಿದೆ, ಯಾರೋ ಗೇಟು ಮುಚ್ಚದೆ ಹೋಗಿದ್ದಾರೆ, ಹಗ್ಗ ಬಿಚ್ಚಬೇಕು, ಇಡೀ ದೋಣಿಯ ಭಾರ ಹೊತ್ತ ಗಂಟು ಬೆರಳಿಗೆ ಬಿಚ್ಚುತ್ತದೆಯೇ, ಬ್ರೆಡ್ಡಿನ ಚಾಕು, ಚಾಕು ಎಲ್ಲಿ, ಡ್ರಾಯರು ತಾನೇ ತೆರೆದು ಎಲ್ಲವೂ ಆ ಮೂಲೆಗೆ ಬಿದ್ದಿದೆ, ಸೂಜಿ ಚುಚ್ಚುವ ಕೈಗೆ ಭಾರ ಬೇಡ ಎಂದಿದ್ದಾಳೆ ನರ್ಸಮ್ಮ, ಸಿಂಕಿನ ತೂತಿನಿಂದ ಗುಳುಗುಳು, ಕಾಲುವೆ ಒಳಗೆ ಬರುತ್ತಿದೆ, ಬಾಗಿಲು ಮೇಲಕ್ಕೆ ಹೋಗಿದೆ, ಹತ್ತಬೇಕು, ಆ ಪಟ್ಟಿ ಈಗ ಒಂದು ಗೇಣು, ಎಷ್ಟೋ ವರ್ಷ ನೀರೊಳಗೇ ಇದ್ದ ಕಲ್ಲು, ಪಾಚಿ ಮಿನುಗುತ್ತಿದೆ, ಒಂದು ಗೇಣು, ಅದರ ಮೇಲೆ ಇನ್ನೆರಡು ಬೆರಳು, ಆ ಕಪ್ಪು ಒದ್ದೆ ಪಟ್ಟಿ —